ಕಾಲು ಹಿಡಿಯುವ ಬಲ ಎಲ್ಲಿದೆ?

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಫಿಸಿಯೋಥೆರಪಿ ತಜ್ಞರೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಸಂಘದ ಸಭೆ ಎಂದರೆ ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಹಸಿರು ಮೇವು, ಖನಿಜ ಮಿಶ್ರಣ, ಹಾಲಿನ ಜಿಡ್ಡಿನಂಶ, ಇವುಗಳ ಬಗ್ಗೆ ಯಾರಾದರೂ ಮಾತನಾಡುತ್ತಾರೆ ಎಂದು ತಿಳಿದು ನೀವು ಬಂದಿರುತ್ತೀರಿ. ನಾನು ಅದ್ಯಾವುದನ್ನೂ ಹೇಳುವುದಿಲ್ಲ. ಹಸುವಿನ ವಿಷಯದಲ್ಲಿ ನನಗಿಂತ ನೀವೇ ಬಲ್ಲವರು. ನಾನು ಹೇಳಲು ಬಂದಿರುವುದು ಹಸುವಿನ ಪಕ್ಕದಲ್ಲಿ ದಿನಕ್ಕೆರಡು ಸಲ ಕುಕ್ಕರಗಾಲಲ್ಲಿ ಕೂರುವ ನಿಮ್ಮ ಕಾಲಿನ ವಿಷಯ. ಅದರಲ್ಲೂ ಕಾಲ್ಬೆರಳಿನ ವಿಷಯ.

ಹಸು ಕುಂಟಿದರೆ ಅದೇ ದಿನ ಪಶುವೈದ್ಯರಿಗೆ ಹೇಳಿ ಕಳುಹಿಸುತ್ತೀರಿ. ಕರೆಯುವವರ ಕಾಲು ಕುಂಟಿದರೆ "ವಯಸ್ಸಾಯ್ತಲ್ಲ" ಎಂದು ಸುಮ್ಮನಾಗುತ್ತೀರಿ. ಇದು ಸರಿಯೇ ಎಂದು ಯೋಚಿಸಬೇಕಾಗಿದೆ.

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ದೊಡ್ಡಮ್ಮ ಮೂರು ಸೀಮೆ ಹಸು ಕಟ್ಟಿಕೊಂಡಿದ್ದರು. ಅರವತ್ತು ದಾಟಿದ ಮೇಲೂ ಎರಡು ಹೊತ್ತೂ ತಾವೇ ಕರೆದು, ತಾವೇ ಡೈರಿಗೆ ಹಾಲು ಹಾಕಿ ಬರುತ್ತಿದ್ದರು. ಒಂದು ದಿನ ಬೆಳಗಿನ ಜಾವ ಸಗಣಿ ಮಂಕರಿ ಹಿಡಿದು ಗಂಜಲದ ಕಾಲುವೆ ದಾಟುವಾಗ ಜಾರಿ ಬಿದ್ದರು. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಆಯಿತು, ತಿಂಗಳುಗಟ್ಟಲೆ ಹಾಸಿಗೆ ಆಯಿತು. ಅವರ ಕೈ ಬಿಟ್ಟು ಬೇರೆ ಕೈಗೆ ಹಸುಗಳು ಸರಿಯಾಗಿ ಸೊರೆ ಬಿಡಲಿಲ್ಲ. ಎರಡು ಹಸುಗಳನ್ನು ಮಾರಿದೆವು. ಹೇಗೆ ಬಿದ್ದಿರಿ ಎಂದು ನಾನು ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು: "ಕಾಲು ಹಿಡೀಲಿಲ್ಲ ಕಣಪ್ಪ."

ಕೀಲು ಮತ್ತು ಸ್ನಾಯುಗಳ ಚಿಕಿತ್ಸೆ ಕಲಿತ ನನಗೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಕಾಲು ಹಿಡಿಯುವುದು ಎಂದರೇನು? ಹಿಡಿಯುವ ಬಲ ಎಲ್ಲಿಂದ ಬರುತ್ತದೆ? ಅದು ಏಕೆ ಹೋಗುತ್ತದೆ? ಹೋದದ್ದನ್ನು ಮರಳಿ ಪಡೆಯಬಹುದೇ? ಇವತ್ತಿನ ನನ್ನ ಮಾತು ಇಷ್ಟೇ.

ಮೊದಲು ಕೈಯನ್ನು ನೋಡೋಣ

ಕಾಲಿಗೆ ಬರುವ ಮುಂಚೆ ಕೈಯಿಂದ ಪ್ರಾರಂಭಿಸೋಣ. ನೀವು ಕುಳಿತಲ್ಲೇ ಬಲಗೈ ಮುಷ್ಟಿ ಕಟ್ಟಿ, ಹಾಲು ಕರೆಯುವಂತೆ ಬಿಗಿ ಹಿಡಿದು ಬಿಡಿ. ಎಡಗೈಯನ್ನು ಬಲಗೈಯ ಮೊಣಕೈಗೂ ಮಣಿಕಟ್ಟಿಗೂ ನಡುವಿನ ಮಾಂಸದ ಮೇಲೆ ಇಟ್ಟುಕೊಳ್ಳಿ. ಪ್ರತಿ ಸಲ ಹಿಂಡಿದಾಗಲೂ ಅಲ್ಲಿ ಮಾಂಸ ಗಟ್ಟಿಯಾಗುತ್ತದೆ. ಬೆರಳಿನಲ್ಲಿ ಅಂಥ ಮಾಂಸವೇ ಇಲ್ಲ. ಮೂರು ಹಸು ಕರೆದು ಎದ್ದಾಗ ನೋಯುವುದು ಬೆರಳಿಗಿಂತ ಹೆಚ್ಚಾಗಿ ಈ ಭಾಗವೇ. ಅಂದರೆ ಹಿಡಿಯುವುದು ಬೆರಳಾದರೂ ಎಳೆಯುವುದು ಮೇಲಿನ ಸ್ನಾಯು.

ಈಗ ಇನ್ನೊಂದು ಪರೀಕ್ಷೆ. ಮಣಿಕಟ್ಟನ್ನು ಒಳಕ್ಕೆ ಪೂರ್ತಿ ಬಗ್ಗಿಸಿಕೊಂಡು ಮುಷ್ಟಿ ಬಿಗಿಯಲು ನೋಡಿ. ಬಿಗಿಯಾಗುವುದಿಲ್ಲ, ಬೆರಳುಗಳು ತೆರೆದುಕೊಳ್ಳುತ್ತವೆ. ಮಣಿಕಟ್ಟನ್ನು ನೇರ ಮಾಡಿ, ಸ್ವಲ್ಪ ಹಿಂದಕ್ಕೆ ಬಗ್ಗಿಸಿ. ಮುಷ್ಟಿ ಕಲ್ಲಿನಂತಾಗುತ್ತದೆ. ಬೆರಳು ಅದೇ, ಸ್ನಾಯು ಅದೇ. ಬದಲಾದದ್ದು ನಡುವಿನ ಕೀಲು ಮಾತ್ರ. ಚೆನ್ನಾಗಿ ಕರೆಯುವವರು ಮಣಿಕಟ್ಟನ್ನು ಎಂದೂ ಒಳಕ್ಕೆ ಮಡಚುವುದಿಲ್ಲ. ಇದನ್ನು ಯಾರೂ ಅವರಿಗೆ ಪಾಠ ಮಾಡಿದ್ದಲ್ಲ, ಕೈಯೇ ಕಲಿತದ್ದು.

ಕಾಲಿನ ಕಥೆಯೂ ಇದೇ. ಕೈಗೆ ಮಣಿಕಟ್ಟು ಹೇಗೋ ಕಾಲಿಗೆ ಹರಡು ಹಾಗೆ. ಕೆಲವರು ಇದನ್ನು ಕಾಲಿನ ಗಿಣ್ಣು ಎನ್ನುತ್ತಾರೆ. ಗಿಣ್ಣು ಎಂದ ಕೂಡಲೇ ನಿಮಗೆ ಈದ ಹಸುವಿನ ಗಿಣ್ಣುಹಾಲು ನೆನಪಾಗಬಹುದು. ಆದ್ದರಿಂದ ನಾನು ಹರಡು ಎಂದೇ ಹೇಳುತ್ತೇನೆ.

ಹಗ್ಗ ಮತ್ತು ರಾಟೆ

ನಮ್ಮ ಒಂದು ಪಾದದಲ್ಲಿ 26 ಮೂಳೆಗಳಿವೆ. ಅಂಗಾಲಿನಲ್ಲಿ ಬೆರಳುಗಳನ್ನು ಮಡಚುವ ಚಿಕ್ಕ ಚಿಕ್ಕ ಸ್ನಾಯುಗಳು ಪದರ ಪದರವಾಗಿ ಇವೆ. ಆದರೆ ಬೆರಳನ್ನು ಬಲವಾಗಿ ಎಳೆಯುವ ಎರಡು ಉದ್ದನೆಯ ಸ್ನಾಯುಗಳು ಇರುವುದು ಪಾದದಲ್ಲಿ ಅಲ್ಲ, ಮೀನಖಂಡದ ಒಳಗೆ. ಒಂದು ಹೆಬ್ಬೆರಳಿಗೆ, ಇನ್ನೊಂದು ಉಳಿದ ನಾಲ್ಕು ಬೆರಳುಗಳಿಗೆ. ಇವುಗಳ ತುದಿ ಹಗ್ಗದಂಥ ಗಟ್ಟಿ ಹುರಿಯಾಗಿ ಕೆಳಗಿಳಿದು, ಹರಡಿನ ಒಳಮಗ್ಗುಲಿನ ಮೂಳೆಗುಬ್ಬಿನ ಹಿಂದಿನಿಂದ ಹಾದು, ಅಂಗಾಲಿನ ಅಡಿಯಲ್ಲಿ ತಿರುಗಿ ಬೆರಳ ತುದಿಗೆ ಸೇರುತ್ತದೆ.

ಸೇದುವ ಬಾವಿಯನ್ನು ನೆನೆಸಿಕೊಳ್ಳಿ. ಕೊಡ ಕೆಳಗಿದೆ, ಸೇದುವವರು ಮೇಲಿದ್ದಾರೆ, ನಡುವೆ ಹಗ್ಗ ರಾಟೆಯ ಮೇಲೆ ಹಾದು ಹೋಗುತ್ತದೆ. ಬೆರಳೇ ಕೊಡ, ಮೀನಖಂಡವೇ ಸೇದುವವರು, ಹರಡೇ ರಾಟೆ. ರಾಟೆ ತುಕ್ಕು ಹಿಡಿದರೆ ಸೇದುವವರಿಗೆ ಎಷ್ಟು ಬಲವಿದ್ದರೂ ಕೊಡ ಸರಾಗವಾಗಿ ಮೇಲೆ ಬರುವುದಿಲ್ಲ.

ನಂಬಿಕೆ ಬರದಿದ್ದರೆ ಪಾದವನ್ನು ನೆಲದ ಮೇಲಿಟ್ಟು, ಒಳಮಗ್ಗುಲಿನ ಮೂಳೆಗುಬ್ಬಿನ ಹಿಂದೆ ಎರಡು ಬೆರಳಿಟ್ಟುಕೊಂಡು ಕಾಲ್ಬೆರಳುಗಳನ್ನು ಮಡಚಿ ಬಿಡಿ. ಒಳಗೆ ಹುರಿ ಅಲುಗಾಡುವುದು ಕೈಗೆ ತಿಳಿಯುತ್ತದೆ.

ಇನ್ನೂ ಒಳ್ಳೆಯ ಸಾಕ್ಷಿ ನಿಮ್ಮ ಕೊಟ್ಟಿಗೆಯಲ್ಲೇ ಇದೆ. ಹಸುವಿನ ಹಿಂಗಾಲಿನ ನಡುವೆ ಹಿಂದಕ್ಕೆ ಚೂಪಾಗಿ ಚಾಚಿಕೊಂಡ ಗಂಟಿದೆಯಲ್ಲ, ಅದನ್ನು ಹಸುವಿನ ಮಂಡಿ ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಅದು ಹಸುವಿನ ಹಿಮ್ಮಡಿ. ಹಸು ಸದಾ ಬೆರಳ ತುದಿಯಲ್ಲಿ ನಿಲ್ಲುವ ಪ್ರಾಣಿ. ಸೀಳಿದ ಗೊರಸು ಎಂದರೆ ಎರಡು ಬೆರಳುಗಳ ಉಗುರು. ಆ ಗಂಟಿನ ಮೇಲ್ಭಾಗದಲ್ಲಿ ಮಾಂಸ ತುಂಬಿದೆ. ಕೆಳಗೆ ಬಹುಮಟ್ಟಿಗೆ ಮೂಳೆ, ಹುರಿ ಮತ್ತು ಚರ್ಮ, ಅಷ್ಟೇ. ನಾನೂರು ಐನೂರು ಕಿಲೋ ತೂಗುವ ಹಸುವಿನ ಬೆರಳುಗಳನ್ನು ಆಡಿಸುವ ಸ್ನಾಯು ಅಷ್ಟು ಮೇಲಿದೆ. ಮನುಷ್ಯನ ಕಾಲಿನಲ್ಲೂ ಪ್ರಕೃತಿ ಇದೇ ಏರ್ಪಾಡು ಮಾಡಿದೆ.

ಹರಡು ಹೇಗಿದ್ದರೆ ಬೆರಳಿಗೆ ಬಲ?

ಈಗ ಕುಳಿತಲ್ಲೇ ಒಂದು ಕಾಲನ್ನು ಮುಂದಕ್ಕೆ ಚಾಚಿ ಪಾದವನ್ನು ಕೆಳಮುಖವಾಗಿ ಚೆನ್ನಾಗಿ ನೀಡಿಕೊಂಡು ಬೆರಳುಗಳನ್ನು ಬಿಗಿಯಾಗಿ ಮಡಚಲು ನೋಡಿ. ಹೆಚ್ಚು ಮಡಚಲಾಗುವುದಿಲ್ಲ. ಕೆಲವರಿಗೆ ಅಂಗಾಲು ಹಿಡಿದುಕೊಂಡು ಸೆಳೆತವೂ ಬರಬಹುದು, ಹಾಗಾದರೆ ಬಿಟ್ಟುಬಿಡಿ. ಆಮೇಲೆ ಪಾದವನ್ನು ಕಣಕಾಲಿಗೆ ಚೌಕವಾಗಿ ನಿಲ್ಲಿಸಿ ಮಡಚಿ. ಈಗ ಬೆರಳು ಬಿಗಿಯಾಗಿ ಹಿಡಿಯುತ್ತದೆ.

ಪಾದ ಕೆಳಮುಖವಾದಾಗ ಹಗ್ಗ ಸಡಿಲವಾಗುತ್ತದೆ. ಸಡಿಲ ಹಗ್ಗದಿಂದ ಕೊಡ ಎತ್ತಲಾಗುವುದಿಲ್ಲ. ಪಾದ ಚೌಕವಾಗಿದ್ದಾಗ ಅಥವಾ ಸ್ವಲ್ಪ ಮೇಲ್ಮುಖವಾಗಿದ್ದಾಗ ಹಗ್ಗ ತಕ್ಕಷ್ಟು ಬಿಗಿಯಾಗಿ ಸ್ನಾಯು ಪೂರ್ತಿ ಬಲದಿಂದ ಎಳೆಯಬಲ್ಲದು. ಜಪಾನಿನಲ್ಲಿ ಕಾಲ್ಬೆರಳುಗಳಿಂದ ಒಂದು ಹಿಡಿಕೆಯನ್ನು ಎಳೆಸಿ ಹಿಡಿತದ ಬಲವನ್ನು ಅಳೆಯುವ ಉಪಕರಣ ಬಳಕೆಯಲ್ಲಿದೆ. ಅಲ್ಲಿನ ಸಂಶೋಧಕರು ಅಳೆದಾಗಲೂ ಪಾದ ಕೆಳಮುಖವಾಗಿದ್ದಾಗ ಹಿಡಿತ ಕಡಿಮೆ ಎಂದೇ ಕಂಡುಬಂತು. ಬೆರಳು ಹಿಡಿಯುವಾಗ ಮೀನಖಂಡದ ಮತ್ತು ತೊಡೆಯ ಸ್ನಾಯುಗಳೂ ಜೊತೆಗೆ ಬಿಗಿಯುತ್ತವೆ ಎಂಬುದನ್ನೂ ಅವರು ಗುರುತಿಸಿದರು.

ಬೆರಳಿನ ಕೆಲಸಕ್ಕೆ ಈ ದೊಡ್ಡ ಸ್ನಾಯುಗಳು ಏಕೆ ಬೇಕು? ಮಜ್ಜಿಗೆ ಕಡೆಯುವುದನ್ನು ನೆನೆಸಿಕೊಳ್ಳಿ. ಹಗ್ಗ ಎಳೆಯುವವರಿಗೆ ರಟ್ಟೆ ಗಟ್ಟಿಯಿದ್ದರೆ ಸಾಲದು, ಕಡೆಗೋಲು ಕಟ್ಟಿದ ಕಂಬವೂ ಗಟ್ಟಿಯಿರಬೇಕು. ಕಂಬ ಅಲ್ಲಾಡಿದರೆ ಬೆಣ್ಣೆ ಬರುವುದಿಲ್ಲ. ಬೆರಳಿನ ಹುರಿ ಹರಡನ್ನು ದಾಟಿ ಹೋಗುವುದರಿಂದ ಅದು ಎಳೆದಾಗಲೆಲ್ಲ ಪಾದವೂ ಕೆಳಕ್ಕೆ ಬಾಗಲು ನೋಡುತ್ತದೆ. ಕಣಕಾಲಿನ ಮುಂಭಾಗದ ಸ್ನಾಯು ಅದನ್ನು ತಡೆದು ಹಿಡಿಯುತ್ತದೆ, ಹಿಂದಿನಿಂದ ಮೀನಖಂಡ ಬಿಗಿ ಹಿಡಿಯುತ್ತದೆ. ಹೀಗೆ ಮುಂದೆ ಹಿಂದೆ ಎರಡೂ ಕಡೆ ಬಿಗಿದು ಹರಡು ಕಂಬದಂತೆ ನಿಂತಾಗ ಮಾತ್ರ ಬೆರಳಿನ ಬಲ ನೆಲಕ್ಕೆ ಮುಟ್ಟುತ್ತದೆ.

ಬೆಟ್ಟ ಕಲಿಸುವ ಪಾಠ

ನಮ್ಮ ನಾಲ್ಕು ತಾಲ್ಲೂಕುಗಳ ಜನರಿಗೆ ಇದನ್ನು ಪುಸ್ತಕದಿಂದ ಹೇಳಬೇಕಾಗಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಬರಿಗಾಲಲ್ಲಿ ಹತ್ತಿದವರು ಇಲ್ಲಿ ಬಹಳ ಜನ ಇದ್ದೀರಿ. ಕೊರಟಗೆರೆ ಕಡೆ ಸಿದ್ಧರಬೆಟ್ಟ, ಚನ್ನರಾಯನದುರ್ಗ, ಮಧುಗಿರಿ ಕಡೆ ಮಿಡಿಗೇಶಿ, ಪಾವಗಡದಲ್ಲಿ ಊರಿನ ಕೋಟೆ ಬೆಟ್ಟ ಮತ್ತು ನಿಡಗಲ್ಲು, ಹೀಗೆ ಎಲ್ಲಿ ನೋಡಿದರೂ ನಮ್ಮದು ಬಂಡೆಯ ಸೀಮೆ. ಶಿರಾದ ಬಯಲಿನಲ್ಲಿ ಕುರಿ ಹಿಂದೆ ದಿನವಿಡೀ ನಡೆಯುವವರು, ಜಯಮಂಗಲಿ ಬಯಲಿನ ಗದ್ದೆ ಬದುವಿನ ಮೇಲೆ ಕೆಸರಿನಲ್ಲಿ ಬೆರಳೂರಿ ನಡೆಯುವವರು, ಹುಣಿಸೆ ಮರ ಹತ್ತಿ ಕೊಂಬೆ ಬಡಿಯುವವರು, ಇವರೆಲ್ಲರ ಕಾಲ್ಬೆರಳೂ ಕೆಲಸ ಕಲಿತ ಬೆರಳೇ.

ಬಂಡೆ ಹತ್ತುವಾಗ ಪಾದ ಮೇಲ್ಮುಖವಾಗಿರುತ್ತದೆ. ಹಗ್ಗ ಬಿಗಿಯಾಗಿರುತ್ತದೆ, ಬೆರಳು ಬಂಡೆಯನ್ನು ಕಚ್ಚಿ ಹಿಡಿಯುತ್ತದೆ. ಜಾರುವುದು ಸಾಮಾನ್ಯವಾಗಿ ಯಾವಾಗ? ಇಳಿಯುವಾಗ. ಇಳಿಜಾರಿನಲ್ಲಿ ಮಂಡಿ ನೆಟ್ಟಗೆ ಮಾಡಿಕೊಂಡು, ಮೈ ಹಿಂದಕ್ಕೆ ಹಾಕಿ ಇಳಿದರೆ ಪಾದ ಕೆಳಮುಖವಾಗುತ್ತದೆ. ಬೆರಳಿಗೆ ಹಿಡಿತ ಬೇಕಾದ ಹೊತ್ತಿಗೆ ಸರಿಯಾಗಿ ಹಗ್ಗ ಸಡಿಲವಾಗುತ್ತದೆ. ಅದಕ್ಕೇ ಹಿರಿಯರು ಬೆಟ್ಟ ಇಳಿಯುವಾಗ ಮಂಡಿ ಬಗ್ಗಿಸಿ, ಓರೆಯಾಗಿ, ಸಣ್ಣ ಸಣ್ಣ ಹೆಜ್ಜೆಯಿಟ್ಟು ಇಳಿಯುತ್ತಾರೆ. ಮಂಡಿ ಬಗ್ಗಿದರೆ ಕಣಕಾಲು ಮುಂದಕ್ಕೆ ವಾಲುತ್ತದೆ, ಹರಡು ಮತ್ತೆ ಚೌಕಕ್ಕೆ ಬರುತ್ತದೆ, ಬೆರಳಿಗೆ ಬಲ ಮರಳುತ್ತದೆ.

ಕೊಟ್ಟಿಗೆಯ ನೆಲವೂ ಒಂದು ಸಣ್ಣ ಇಳಿಜಾರೇ. ಗಂಜಲ ಹರಿದು ಹೋಗಲಿ ಎಂದು 40ರಿಂದ 60 ಅಡಿಗೆ ಒಂದು ಅಡಿಯಂತೆ ಓಟ ಕೊಟ್ಟಿರುತ್ತೇವೆ. ಇದು ಬೆಟ್ಟದ ಮುಂದೆ ಏನೂ ಅಲ್ಲ. ಆದರೆ ಅದರ ಮೇಲೆ ಸಗಣಿ, ಗಂಜಲ, ನೀರು, ಪಾಚಿ ಸೇರಿವೆ. ಕೈಯಲ್ಲಿ ಮಂಕರಿಯೋ ಹಾಲಿನ ಕ್ಯಾನೋ ಇದೆ. ಹೊರಗೆ ಇನ್ನೂ ಕತ್ತಲೆ. ಕೊನೆಗೆ ಕಾಲುವೆಯ ಅಂಚಿನಲ್ಲಿ ಒಂದು ಹೆಜ್ಜೆ ಕೆಳಕ್ಕೆ. ನಮ್ಮ ದೊಡ್ಡಮ್ಮ ಬಿದ್ದದ್ದು ಸರಿಯಾಗಿ ಅಲ್ಲಿಯೇ.

ಬಲ ಏಕೆ ಹೋಗುತ್ತದೆ?

ವಯಸ್ಸಾದಂತೆ ಕಾಲ್ಬೆರಳಿನ ಹಿಡಿತ ಎಲ್ಲರಲ್ಲೂ ಕಡಿಮೆಯಾಗುತ್ತದೆ. ಇದು ಸಣ್ಣ ವಿಷಯವಲ್ಲ. 2009ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ 60 ವರ್ಷ ದಾಟಿದ ಸುಮಾರು 300 ಜನರ ಕಾಲ್ಬೆರಳಿನ ಬಲವನ್ನು ಮೊದಲು ಅಳೆದು, ಆಮೇಲೆ ಒಂದು ವರ್ಷ ಯಾರು ಬಿದ್ದರು, ಯಾರು ಬೀಳಲಿಲ್ಲ ಎಂದು ಲೆಕ್ಕವಿಟ್ಟರು. ಬಿದ್ದವರ ಬೆರಳಿನ ಬಲ ಬೀಳದವರಿಗಿಂತ ಕಡಿಮೆಯಿತ್ತು. ಬೆರಳು ಸೊಟ್ಟಗಾದವರೂ ಹೆಚ್ಚಾಗಿ ಬಿದ್ದಿದ್ದರು.

ವಯಸ್ಸನ್ನು ನಾವು ತಡೆಯಲಾರೆವು. ಆದರೆ ಬಲ ಕಳೆಯುವ ಬೇರೆ ಕಾರಣಗಳೂ ಇವೆ. ಅವುಗಳಲ್ಲಿ ಕೆಲವು ನಮ್ಮ ಕೈಯಲ್ಲಿವೆ.

ಒಂದು, ಹರಡು ಬಿಗಿಯಾಗುವುದು. ಹಿಮ್ಮಡಿಯನ್ನು ನೆಲಕ್ಕೆ ಊರಿ ಕುಕ್ಕರಗಾಲಲ್ಲಿ ಕೂರುವಾಗ ಹರಡು ಪೂರ್ತಿಯಾಗಿ ಬಾಗುತ್ತದೆ. ಮೊದಲು ಕರೆಯುವುದು, ಮುದ್ದೆ ತೊಳಸುವುದು, ಪಾತ್ರೆ ಬೆಳಗುವುದು, ಕಳೆ ಕೀಳುವುದು ಎಲ್ಲವೂ ಹಾಗೆಯೇ ನಡೆಯುತ್ತಿತ್ತು. ಈಗ ಒಲೆ ಕಟ್ಟೆಯ ಮೇಲೆ ಬಂದಿದೆ, ಕೂರಲು ಕುರ್ಚಿ ಬಂದಿದೆ, ಎಷ್ಟೋ ಮನೆಗಳಲ್ಲಿ ಕರೆಯುವ ಯಂತ್ರ ಬಂದಿದೆ. ಇವು ಬೇಡವೆಂದು ನಾನು ಹೇಳುವುದಿಲ್ಲ, ಮಂಡಿ ನೋವಿದ್ದವರಿಗೆ ಇವು ವರವೇ. ಆದರೆ ಬಾಗದ ಕೀಲು ಬಿಗಿಯುತ್ತದೆ. ಬಿಗಿದದ್ದನ್ನು ಬೇರೆ ದಾರಿಯಿಂದಾದರೂ ಆಡಿಸಬೇಕು.

ಎರಡು, ಸವೆದ ಹವಾಯಿ ಚಪ್ಪಲಿ. ಅದು ಜಾರಿ ಹೋಗದಂತೆ ಬೆರಳು ದಿನವಿಡೀ ಪಟ್ಟಿಯನ್ನು ಹಿಡಿದುಕೊಂಡಿರುತ್ತದೆ. ನೆಲ ಹಿಡಿಯಬೇಕಾದ ಬೆರಳು ಚಪ್ಪಲಿ ಹಿಡಿಯುವುದರಲ್ಲೇ ದಣಿಯುತ್ತದೆ. ಅಡಿ ಸವೆದು ನುಣುಪಾದ ಮೇಲೆ ಒದ್ದೆ ಸಿಮೆಂಟಿನ ಮೇಲೆ ಅದು ಜಾರುಬಂಡೆಯೇ.

ಮೂರು, ಸಕ್ಕರೆ ಕಾಯಿಲೆ. ಬಹಳ ವರ್ಷ ಹತೋಟಿಯಲ್ಲಿರದಿದ್ದರೆ ಅದು ಪಾದದ ನರಗಳನ್ನು ಕೆಡಿಸುತ್ತದೆ. ಅಂಗಾಲಿನ ಸಣ್ಣ ಸ್ನಾಯುಗಳು ಬತ್ತಿ ಬೆರಳುಗಳು ಹಕ್ಕಿಯ ಉಗುರಿನಂತೆ ಮುದುಡಿಕೊಳ್ಳುತ್ತವೆ. ನೆಲ ಒದ್ದೆಯೋ ಒಣಗಿದೆಯೋ ಎಂಬುದೂ ಅಂಗಾಲಿಗೆ ತಿಳಿಯುವುದಿಲ್ಲ. ಇಂಥವರು ದಿನವೂ ರಾತ್ರಿ ಪಾದವನ್ನು ದೀಪದ ಬೆಳಕಿನಲ್ಲಿ ನೋಡಿಕೊಳ್ಳಬೇಕು.

ನಾಲ್ಕು, ನಮ್ಮ ಸೀಮೆಯ ನೀರು. ಪಾವಗಡ, ಶಿರಾ, ಮಧುಗಿರಿ ಭಾಗಗಳ ಎಷ್ಟೋ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಮಿನೊಳಗೆ ಇರಬೇಕು, ಬೇರೆ ಮೂಲವೇ ಇಲ್ಲದಿದ್ದರೆ ಹೆಚ್ಚೆಂದರೆ 1.5. ಅದಕ್ಕೆ ಮೀರಿದ ನೀರನ್ನು ಬಹಳ ವರ್ಷ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ಆಮೇಲೆ ದೊಡ್ಡವರಿಗೆ ಕೀಲು ಬಿಗಿತ, ಬೆನ್ನು ಬಾಗದಿರುವುದು ಕಾಣಿಸಿಕೊಳ್ಳುತ್ತದೆ. ಕೀಲಿನ ಸುತ್ತಲ ಪಟ್ಟಿಗಳೇ ಸುಣ್ಣಗಟ್ಟುತ್ತವೆ. ಇದನ್ನು ವಾತವೆಂದುಕೊಂಡು ಎಣ್ಣೆ ತಿಕ್ಕಿದರೆ ಪ್ರಯೋಜನವಿಲ್ಲ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದೂ ನೆನಪಿರಲಿ. ನೀರು ಆವಿಯಾದಷ್ಟೂ ಅದರ ಅಂಶ ಹೆಚ್ಚುತ್ತದೆ. ಕುಡಿಯಲು ಮಾತ್ರವಲ್ಲ, ಅಡುಗೆಗೂ ಶುದ್ಧೀಕರಣ ಘಟಕದ ನೀರನ್ನೋ ಮಳೆ ನೀರನ್ನೋ ಬಳಸಿ. ಮನೆಯವರ ಊಟದಲ್ಲಿ ಸುಣ್ಣದಂಶ ಇರಲಿ. ಅದು ಫ್ಲೋರೈಡ್ ಮೈಗೆ ಹತ್ತುವುದನ್ನು ಕಡಿಮೆ ಮಾಡುತ್ತದೆ. ರಾಗಿ ನಮ್ಮಲ್ಲಿ ಇದೆ, ನುಗ್ಗೆ ಸೊಪ್ಪು ಇದೆ, ಹಾಲಂತೂ ಇದ್ದೇ ಇದೆ. ಕರೆದ ಹಾಲನ್ನೆಲ್ಲ ಕ್ಯಾನಿಗೆ ಸುರಿದು, ಕರೆದವರು ಕಪ್ಪು ಕಾಫಿ ಕುಡಿಯುವ ಮನೆಗಳನ್ನು ನಾನು ನೋಡಿದ್ದೇನೆ. ಕರೆದ ಕೈಗೆ ದಿನಕ್ಕೊಂದು ಲೋಟ ಹಾಲು ಉಳಿಯಲಿ. ಇದರಿಂದ ನಿಮ್ಮ ಪಾಸ್‌ಬುಕ್ ಬಡವಾಗುವುದಿಲ್ಲ.

ನಿಮ್ಮ ಹರಡು ಹೇಗಿದೆ? ನೀವೇ ನೋಡಿಕೊಳ್ಳಿ

ಬರಿಗಾಲಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಲ್ಲಿ. ಹೆಬ್ಬೆರಳಿಗೂ ಗೋಡೆಗೂ ನಡುವೆ ನಾಲ್ಕು ಬೆರಳಗಲ ಜಾಗ ಬಿಡಿ. ಹಿಮ್ಮಡಿ ಏಳದಂತೆ ಮಂಡಿಯನ್ನು ಬಗ್ಗಿಸಿ ಗೋಡೆಗೆ ಮುಟ್ಟಿಸಿ. ಮುಟ್ಟಿದರೆ ಹರಡು ಸಾಕಷ್ಟು ಬಾಗುತ್ತದೆ ಎಂದರ್ಥ. ಹಿಮ್ಮಡಿ ಎದ್ದರೆ ಬಿಗಿಯಿದೆ. ಎರಡೂ ಕಾಲಿಗೆ ನೋಡಿಕೊಳ್ಳಿ, ಒಂದು ಕಾಲು ಮಾತ್ರ ಬಿಗಿಯಿರುವುದೂ ಉಂಟು. ಹಳೆಯ ಉಳುಕನ್ನು ಲಕ್ಷಿಸದೆ ಬಿಟ್ಟ ಕಾಲು ಸಾಮಾನ್ಯವಾಗಿ ಹೀಗಾಗುತ್ತದೆ.

ಐದು ಅಭ್ಯಾಸಗಳು

ಇವುಗಳನ್ನು ಕೊಟ್ಟಿಗೆಯಲ್ಲಿ ಮಾಡಬೇಡಿ. ಒಣಗಿದ ಜಗಲಿಯ ಮೇಲೆ, ಹಿಡಿದುಕೊಳ್ಳಲು ಗೋಡೆಯೋ ಕಂಬವೋ ಇರುವ ಕಡೆ ಮಾಡಿ. ಸಂಜೆ ಹಾಲು ಹಾಕಿ ಬಂದ ಮೇಲೆ ಹತ್ತು ನಿಮಿಷ ಸಾಕು.

1. ಹರಡು ಸಡಿಲಿಸುವುದು: ಎರಡೂ ಕೈಗಳನ್ನು ಗೋಡೆಗೆ ಊರಿ, ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು ನಿಲ್ಲಿ. ಹಿಂದಿನ ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ವಾಲಿ. ಮೀನಖಂಡ ಎಳೆದಂತಾಗುತ್ತದೆ. ಮೂವತ್ತು ಎಣಿಸುವವರೆಗೆ ಹಾಗೇ ಇರಿ. ಆಮೇಲೆ ಹಿಂದಿನ ಮಂಡಿಯನ್ನೂ ಸ್ವಲ್ಪ ಬಗ್ಗಿಸಿ ಅಷ್ಟೇ ಹೊತ್ತು ಇರಿ. ಒಂದೊಂದು ಕಾಲಿಗೆ ಮೂರು ಸಲ.

2. ಹಿಮ್ಮಡಿ ಎತ್ತುವುದು: ಕಂಬ ಹಿಡಿದು ಎರಡೂ ಹಿಮ್ಮಡಿಗಳನ್ನು ನಿಧಾನವಾಗಿ ಎತ್ತಿ, ನಿಧಾನವಾಗಿ ಇಳಿಸಿ. ಹತ್ತರಿಂದ ಹದಿನೈದು ಸಲ. ಇದು ಮೀನಖಂಡಕ್ಕೆ.

3. ಪಾದದ ಮುಂಭಾಗ ಎತ್ತುವುದು: ಗೋಡೆಗೆ ಬೆನ್ನು ಕೊಟ್ಟು ನಿಂತು, ಹಿಮ್ಮಡಿ ಊರಿಕೊಂಡೇ ಪಾದದ ಮುಂಭಾಗವನ್ನು ಎತ್ತಿ ಇಳಿಸಿ. ಹತ್ತರಿಂದ ಹದಿನೈದು ಸಲ. ಇದು ಕಣಕಾಲಿನ ಮುಂಭಾಗದ ಸ್ನಾಯುವಿಗೆ. ನಡೆಯುವಾಗ ಹೊಸ್ತಿಲು ಎಡವದಂತೆ ಕಾಯುವುದೂ ಇದೇ.

4. ಬಟ್ಟೆ ಎಳೆಯುವುದು: ಕುರ್ಚಿಯ ಮೇಲೆ ಕುಳಿತು, ಪಾದ ಚೌಕವಾಗಿರುವಂತೆ ಇಟ್ಟು, ಹಳೆಯ ಪಂಚೆಯನ್ನೋ ಗೋಣಿತಾಟನ್ನೋ ನೆಲಕ್ಕೆ ಹಾಸಿ. ಹಿಮ್ಮಡಿ ಕದಲದಂತೆ ಬೆರಳುಗಳಿಂದ ಬಟ್ಟೆಯನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಒಂದೊಂದು ಕಾಲಿಗೆ ಹತ್ತು ಸಲ. ಸುಲಭವೆನಿಸಿದ ಮೇಲೆ ಬಟ್ಟೆಯ ಆ ತುದಿಗೆ ಒಂದು ಸೇರು ರಾಗಿಯ ಗಂಟು ಇಡಿ.

5. ನೆಲ ಹಿಡಿಯುವುದು: ಗೋಡೆಯ ಹತ್ತಿರ ನೆಟ್ಟಗೆ ನಿಂತು, ಸೊಂಟ ಬಗ್ಗಿಸದೆ, ಹರಡಿನಿಂದಲೇ ಇಡೀ ಮೈಯನ್ನು ಸ್ವಲ್ಪ ಮುಂದಕ್ಕೆ ವಾಲಿಸಿ. ಬೆರಳುಗಳು ತಾವಾಗಿ ನೆಲವನ್ನು ಒತ್ತುತ್ತವೆ. ಐದು ಎಣಿಸಿ ಹಿಂದಕ್ಕೆ ಬನ್ನಿ. ಹತ್ತು ಸಲ. ಜಾರಿದಾಗ ಕಾಲು ಮಾಡಬೇಕಾದ ಕೆಲಸ ಇದೇ ಆದ್ದರಿಂದ ಇದನ್ನು ಬಿಡಬೇಡಿ.

ಗಮನಿಸಿ: ಬಟ್ಟೆ ಎಳೆಯುವುದೊಂದನ್ನೇ ಮಾಡಿ ಉಳಿದದ್ದನ್ನು ಬಿಟ್ಟರೆ ಹಗ್ಗಕ್ಕೆ ಹೊಸ ಆಳು ಹಚ್ಚಿ ರಾಟೆಗೆ ಎಣ್ಣೆ ಹಾಕದಂತಾಗುತ್ತದೆ. ಮೊದಲು ಹರಡು ಸಡಿಲಾಗಲಿ, ಜೊತೆಗೆ ಮೀನಖಂಡ, ಕಣಕಾಲು ಗಟ್ಟಿಯಾಗಲಿ, ಆಗ ಬೆರಳಿಗೆ ಬಲ ಬರುತ್ತದೆ. ಎಂಟರಿಂದ ಹನ್ನೆರಡು ವಾರ ಬಿಡದೆ ಮಾಡಬೇಕು. ಹಸು ಕೂಡ ಹಿಂಡಿ ಹಾಕಿದ ದಿನವೇ ಹಾಲು ಹೆಚ್ಚು ಕೊಡುವುದಿಲ್ಲವಲ್ಲ.

ಮೂಳೆ ಮುರಿದು ಶಸ್ತ್ರಚಿಕಿತ್ಸೆ ಆದವರು, ಪಾದದಲ್ಲಿ ಹುಣ್ಣಿರುವವರು, ಪಾದದ ಸ್ಪರ್ಶ ಕಡಿಮೆಯಾದವರು ವೈದ್ಯರನ್ನು ಕೇಳದೆ ಪ್ರಾರಂಭಿಸಬಾರದು. ಫ್ಲೋರೈಡಿನಿಂದ ಕೀಲು ಬಿಗಿದವರು ಬಲವಂತವಾಗಿ ಬಗ್ಗಿಸಬಾರದು. ನೋವು ಬರುವ ಮುಂಚೆಯೇ ನಿಲ್ಲಿಸಬೇಕು.

ಕೊಟ್ಟಿಗೆಯನ್ನೂ ಸರಿಪಡಿಸಿ

ಬೆರಳಿನ ಬಲ ಒಂದರಿಂದಲೇ ಯಾರೂ ಬೀಳದಂತಾಗುವುದಿಲ್ಲ. ಕಣ್ಣಿನ ಪೊರೆ, ರಕ್ತದೊತ್ತಡದ ಮಾತ್ರೆಯಿಂದ ಬರುವ ತಲೆಸುತ್ತು, ನಿದ್ದೆಗೆಟ್ಟ ಬೆಳಗು, ಇವೂ ಬೀಳಿಸುತ್ತವೆ. ನೆಲವಂತೂ ಬೀಳಿಸಿಯೇ ಬೀಳಿಸುತ್ತದೆ. ಹೊಸದಾಗಿ ಸಿಮೆಂಟು ಹಾಕಿಸುವವರು ಮೇಸ್ತ್ರಿಗೆ ಹೇಳಿ ನುಣುಪು ಮಾಡಿಸದೆ ಗೀರು ಗೀರಾಗಿ ಗಾಡಿ ಎಳೆಸಿ. ಇದು ಹಸುವಿನ ಗೊರಸಿಗೂ ಒಳ್ಳೆಯದು. ಪಾಚಿಯನ್ನು ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ ತೊಳೆಯಿರಿ. ಗಂಜಲದ ಕಾಲುವೆ ದಾಟುವ ಕಡೆ ಒಂದು ಒರಟು ಚಪ್ಪಡಿ ಹಾಕಿ. ದೀಪದ ಸ್ವಿಚ್ಚು ಕೊಟ್ಟಿಗೆಯ ಬಾಗಿಲಲ್ಲೇ ಇರಲಿ, ಕತ್ತಲಲ್ಲಿ ಒಳಗೆ ಹೋಗಿ ಹುಡುಕುವಂತಿರಬಾರದು.

ಬರಿಗಾಲು ಬೆರಳಿಗೆ ಒಳ್ಳೆಯದಾದರೂ ಕೊಟ್ಟಿಗೆಯಲ್ಲಿ ಬರಿಗಾಲು ಬೇಡ. ಮೊಳೆ ಚುಚ್ಚಿದರೆ ಧನುರ್ವಾಯುವಿನ ಭಯ. ಕಾಲಿನ ಗಾಯಕ್ಕೆ ಗಂಜಲ ತಾಗಿದರೆ ಇಲಿಜ್ವರದ ರೋಗಾಣು ಸೇರಬಹುದು. ಅಡಿಯಲ್ಲಿ ಹಲ್ಲುಗಳಿರುವ ಗಮ್‌ಬೂಟು, ಇಲ್ಲವೇ ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಳ್ಳಿ. ಬೆರಳು ಹರಡಿಕೊಳ್ಳುವಷ್ಟು ಮುಂದೆ ಅಗಲವಿರಲಿ. ಇಳಿಜಾರಿನಲ್ಲಿ ಭಾರ ಹಿಡಿದು ಹೋಗುವಾಗ ಬೆಟ್ಟದ ಪಾಠ ನೆನಪಿರಲಿ: ಮಂಡಿ ಬಗ್ಗಲಿ, ಹೆಜ್ಜೆ ಚಿಕ್ಕದಿರಲಿ.

ಕೊನೆಯ ಮಾತು

ಒಂದು ಮನೆಯ ಹಾಲಿನ ಲೆಕ್ಕದಲ್ಲಿ ಹಿಂಡಿಯ ಖರ್ಚು, ಮೇವಿನ ಖರ್ಚು, ಔಷಧಿಯ ಖರ್ಚು ಎಲ್ಲವನ್ನೂ ಬರೆಯುತ್ತೇವೆ. ಕರೆಯುವವರ ಕಾಲನ್ನು ಮಾತ್ರ ಬರೆಯುವುದಿಲ್ಲ. ಅದು ಮುರಿದ ದಿನ ಉಳಿದ ಲೆಕ್ಕವೆಲ್ಲ ನಿಂತುಹೋಗುತ್ತದೆ ಎಂಬುದನ್ನು ನಾವು ಮನೆಯಲ್ಲೇ ಕಂಡಿದ್ದೇವೆ.

ನಮ್ಮ ದೊಡ್ಡಮ್ಮ ಈಗ ಕೋಲು ಹಿಡಿದು ನಡೆಯುತ್ತಾರೆ. ಉಳಿದ ಒಂದು ಹಸುವನ್ನು ಸೊಸೆ ಕರೆಯುತ್ತಾಳೆ. ವೈದ್ಯರು ಒಪ್ಪಿದ ಮೇಲೆ ದೊಡ್ಡಮ್ಮ ಸಂಜೆ ಜಗಲಿಯ ಮೇಲೆ ಕುಳಿತು ಬೆರಳಿನಲ್ಲಿ ಗೋಣಿತಾಟು ಎಳೆಯುತ್ತಾರೆ. ಸೊಸೆಯನ್ನೂ ಕೂಗಿ ಕೂರಿಸಿಕೊಳ್ಳುತ್ತಾರೆ. "ನಂಗ್ಯಾರೂ ಮೊದ್ಲೇ ಹೇಳ್ಲಿಲ್ಲ, ನೀನಾದ್ರೂ ಈಗ್ಲೇ ಮಾಡಮ್ಮ" ಎನ್ನುತ್ತಾರೆ. ನಿಮಗೆ ಮೊದಲೇ ಹೇಳಬೇಕೆಂದು ನಾನು ಇಲ್ಲಿಗೆ ಬಂದೆ.

ಇವತ್ತು ಸಂಜೆ ಡೈರಿಗೆ ಹಾಲು ಹಾಕಿ ಮನೆಗೆ ಹೋದ ಮೇಲೆ ಗೋಡೆಯ ಮುಂದೆ ನಿಂತು ನಾಲ್ಕು ಬೆರಳಗಲ ಬಿಟ್ಟು ಮಂಡಿ ಮುಟ್ಟಿಸಿ ನೋಡಿ. ಮನೆಯ ಹಿರಿಯರಿಗೂ ಗೋಡ ಹಿಡಿಸಿ, ಪಕ್ಕದಲ್ಲಿ ನಿಂತು ಮಾಡಿಸಿ.